ಕೋಪರಿಯಿಂದ ಕುಂದಾಪುರಕ್ಕೆ, ನಿಂತ ಕಾರಿನಲ್ಲಿ

ವಿಮಲಕ್ಕನ ಬಗ್ಗೆ ನನಗೆ ಬಹಳ ದಿನ ಒಂದು ಖಚಿತ ಅಭಿಪ್ರಾಯವಿತ್ತು. ಹೊಸ ಕಟ್ಟಡದಲ್ಲಿ ಪುಕ್ಕಟೆ ಪಾರ್ಕಿಂಗ್ ಹೊಡೆಯುವುದಕ್ಕಾಗಿಯೇ ಆಕೆ ಆ ಸತ್ತ ಫಿಯಾಟನ್ನು ಕಾಂಪೌಂಡಿನಲ್ಲಿ ಇಟ್ಟುಕೊಂಡಿದ್ದಾರೆ ಎಂಬುದೇ ಅದು. ಅಭಿಪ್ರಾಯ ಪೂರ್ತಿ ತಪ್ಪಾಗಿತ್ತು. ಆದರೆ ತಪ್ಪು ಅಭಿಪ್ರಾಯಕ್ಕೆ ಇರುವ ಗಟ್ಟಿತನ ಸರಿಯಾದದ್ದಕ್ಕೆ ಎಲ್ಲಿಂದ ಬರಬೇಕು?

ಠಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಶನ್ನಿನ ಅನೌನ್ಸ್‌ಮೆಂಟ್ ಅಡುಗೆಮನೆಯೊಳಗೇ ಕೇಳಿಸುವಷ್ಟು ಹತ್ತಿರ ನಮ್ಮ ಹಳೆಯ ಸೊಸೈಟಿ. ಮೂರೇ ಮಹಡಿ, ಲಿಫ್ಟ್ ಇಲ್ಲ. ನಾನು ಅದರ ಸೆಕ್ರೆಟರಿ. ನೋಟಿಸ್ ಬೋರ್ಡಿನ ಕೀಲಿಕೈ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಮನುಷ್ಯನಿಗೆ ಲೋಕ ಕೊಂಚ ಕೆಳಗೇ ಕಾಣುತ್ತದೆ. ಅದರಲ್ಲೂ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ, ಹಳೆಯದನ್ನು ಕೆಡವಿ ಗೋಪುರ ಎಬ್ಬಿಸುತ್ತೇನೆಂದು ಬಿಲ್ಡರ್ ಬಂದು ನನ್ನನ್ನು ‘ಸರ್’ ಎಂದು ಕರೆದ ಮೇಲಂತೂ ನಾನು ಮೆಟ್ಟಿಲಿಳಿಯುವ ರೀತಿಯೇ ಬದಲಾಯಿತೆಂದು ನನ್ನ ಹೆಂಡತಿ ಹೇಳುತ್ತಾಳೆ. ದೀಪಾವಳಿ ಮುಗಿಯುತ್ತಲೇ ಎಲ್ಲರೂ ಬಾಡಿಗೆ ಮನೆಗಳಿಗೆ ಹೋಗಬೇಕು, ಕಾಂಪೌಂಡ್ ಖಾಲಿಯಾಗಬೇಕು. ಎಲ್ಲವೂ ಖಾಲಿಯಾಗುವ ಹಾಗಿತ್ತು, ಮೂಲೆಯ ತಗಡಿನ ಶೆಡ್ಡಿನಲ್ಲಿದ್ದ ವಿಮಲಕ್ಕನ ಕಾರೊಂದನ್ನು ಬಿಟ್ಟು.

“ವಿಮಲಕ್ಕಾ, ಆ ಗಾಡಿ ಯಾವಾಗ ತೆಗೀತೀರಿ? ಬಿಲ್ಡರ್ ನನ್ನ ತಲಿ ತಿನ್ನಾಕತ್ತಾನ್ರಿ” ಎಂದು ನಾನು ನನ್ನ ವಿಜಯಪುರದ ಮಾತಿನಲ್ಲಿ ಕೇಳಿದರೆ, ಆಕೆ ತಮ್ಮ ಕರಾವಳಿ ಮಾತಿನಲ್ಲಿ, “ತೆಗೆಯುವ ಮಾರಾಯ್ರೆ. ಅದೆಂತ ನಿಮ್ಮ ಮನೆಯ ಅನ್ನ ತಿಂತದಾ?” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಕೆಯ ಬಾಯಿ ಮೊದಲಿನಿಂದಲೂ ಹಾಗೆಯೇ ಜೋರು. ಕುಂದಾಪುರದ ಕಡೆಯಿಂದ ಮದುವೆಯಾಗಿ ಕೋಪರಿಗೆ ಬಂದವರು. ಮಕ್ಕಳಾಗಲಿಲ್ಲ. ಸ್ಟೇಶನ್ ಸುತ್ತಲಿನ ಹೋಟೆಲುಗಳಲ್ಲಿ ಕೆಲಸ ಮಾಡುವ ಊರ ಹುಡುಗರಿಗೆ ಮನೆಯಲ್ಲೇ ಮಧ್ಯಾಹ್ನದ ಊಟ ಹಾಕುತ್ತಿದ್ದರು. ಬಂಗುಡೆ ಸಾರಿನ ವಾಸನೆ ಮೇಲಿನ ಸಸ್ಯಾಹಾರಿ ಮಹಡಿಗೆ ಏರುತ್ತದೆಂದು ಹಿಂದಿನ ಸೆಕ್ರೆಟರಿ ನೋಟಿಸ್ ಕೊಟ್ಟಾಗ, “ವಾಸನೆಗೆ ನಾನು ಬಿಲ್ ಮಾಡುದಿಲ್ಲ, ಆರಾಮಲ್ಲಿ ತೆಕೊಳ್ಳಿ ಹೇಳಿ ಅವರಿಗೆ” ಎಂದಿದ್ದರಂತೆ.

ಗಂಡ ಶೇಖರಣ್ಣ ಮುಲುಂಡಿನ ಒಬ್ಬ ಸೇಠನ ಡ್ರೈವರ್. ಸೇಠ ವ್ಯವಹಾರ ಮುಚ್ಚಿ ಮಗನ ಊರಿಗೆ ಹೋಗುವಾಗ ತನ್ನ ಹಳೆಯ ಫಿಯಾಟನ್ನು ಇವರಿಗೇ ಕೊಟ್ಟುಹೋದ. ಹಿಂಭಾಗ ದುಂಡಗೆ ಉಬ್ಬಿರುವ ಆ ಕಾಲದ ಫಿಯಾಟು. ಮುಂಬಯಿ ಕಡೆಯ ಜನ ಅದನ್ನು ಪ್ರೀತಿಯಿಂದ ‘ಡುಕ್ಕರ್’, ಎಂದರೆ ಹಂದಿ, ಎನ್ನುತ್ತಾರೆ. ಪ್ರತಿ ಮೇ ತಿಂಗಳಲ್ಲಿ ಗಂಡಹೆಂಡತಿ ಆ ಹಂದಿಯಲ್ಲಿ ಕೂತು ಘಾಟಿ ಇಳಿದು ಹತ್ತಿ ಊರಿಗೆ ಹೋಗಿಬರುತ್ತಿದ್ದರು.

ಆಮೇಲೆ ಶೇಖರಣ್ಣನಿಗೆ ಮರೆವು ಹಿಡಿಯಿತು. ಒಂದು ದಿನ ಕಲ್ಯಾಣದ ಮಾರ್ಕೆಟ್ಟಿಗೆ ಕಾರಿನಲ್ಲಿ ಹೋದವರು ಲೋಕಲ್ ಹತ್ತಿ ಮನೆಗೆ ಬಂದರು. ಕೈಯಲ್ಲಿ ಈರುಳ್ಳಿ ಚೀಲವಿತ್ತು, ಕಾರಿನ ನೆನಪಿರಲಿಲ್ಲ. ವಿಮಲಕ್ಕ ಕಲ್ಯಾಣದ ಗಲ್ಲಿಗಲ್ಲಿ ತಿರುಗಿ ಕಾರು ಪತ್ತೆಹಚ್ಚಿ, ತರಿಸಿ, ಶೆಡ್ಡಿಗೆ ಹಾಕಿ, ಬ್ಯಾಟರಿ ಕೀಳಿಸಿದರು. ಹತ್ತು ವರ್ಷದ ಮೇಲಾಯಿತು. ಊಟದ ವ್ಯಾಪಾರವನ್ನೂ ಆಗಲೇ ನಿಲ್ಲಿಸಿದರು. ನಾನು ಎದುರಾದಾಗಲೆಲ್ಲ ಶೇಖರಣ್ಣ, “ಹೊಸತಾಗಿ ಬಂದದ್ದಾ ಇಲ್ಲಿಗೆ?” ಎಂದು ವಿಚಾರಿಸುತ್ತಿದ್ದರು. ನಾನು ಬೆಳಿಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ಊಟದ ಹೊತ್ತಿಗೆ. ಅವರ ಬಗ್ಗೆ ಇದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ.

ಗಾಡಿ ತೊಲಗಿಸಲು ನಾನೇ ಗಿರಾಕಿ ಹುಡುಕಿದೆ. ಜಯೇಶ್. ನವಿ ಮುಂಬಯಿಯಲ್ಲಿ ಮೂರು ಹೋಟೆಲುಗಳ ಮಾಲಿಕ, ನೆರೂಳಿನಲ್ಲಿ ಎರಡು ವಿಂಟೇಜ್ ಕಾರುಗಳ ಒಡೆಯ. ಎರಡೂ ನಿಂತೇ ಇರುತ್ತವೆ, ಆದರೆ ಪಾಲಿಶ್ ಹೊಳೆಯುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಅವನು ಎದೆಯ ಮೇಲೆ ಸ್ವಂತ ಹೆಸರು ಕಸೂತಿ ಹಾಕಿಸಿದ, ಮೆಕ್ಯಾನಿಕರು ಹಾಕುವಂಥ ನೀಲಿ ಡಾಂಗ್ರಿ ತೊಟ್ಟು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅಯಸ್ಕಾಂತ ಹಿಡಿದು ಬಂದ. ಅವನೊಬ್ಬ ಸರ್ಜನ್, ನಾನು ಅವನನ್ನು ಕರೆಸಿದ ಬಂಧು ಎಂಬಂತೆ ಇಬ್ಬರೂ ಗಂಭೀರವಾಗಿ ಶೆಡ್ಡಿಗೆ ನಡೆದೆವು. ವಿಮಲಕ್ಕ ತಕರಾರಿಲ್ಲದೆ ಬೀಗ ತೆಗೆದರು. ಡೊಂಬಿವಲಿಯಲ್ಲಿ ಬಾಡಿಗೆ ಮನೆ ಗೊತ್ತಾಗಿತ್ತು. ಓಡದ ಗಾಡಿಗೆ ಅಲ್ಲಿನ ಯಾವ ಸೊಸೈಟಿಯೂ ಜಾಗ ಕೊಡುವುದಿಲ್ಲವೆಂದು ಕೇಳಿ ಕೇಳಿ ಸೋತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

“ದೇಖೋ, ನಿಂತ ಗಾಡಿಗೆ ಮೊದಲ ಸವಾಲು ಒಂದೇ” ಎಂದ ಜಯೇಶ್. “ಯಾಕೆ ನಿಂತಿತು? ಚೆನ್ನಾಗಿ ಓಡ್ತಾ ಇದ್ದದ್ದು ನಿಂತಿತಾ, ಹಾಳಾಗಿ ನಿಂತಿತಾ?”

“ಗಾಡಿ ಸರಿ ಉಂಟು” ಎಂದರು ವಿಮಲಕ್ಕ. “ಓಡಿಸುವವರು ಹಾಳಾದದ್ದು.”

ಜಯೇಶ್ ಬಾಡಿಯ ಮೇಲೆ ಅಯಸ್ಕಾಂತ ಇಟ್ಟ. ಬಾಗಿಲಿಗೆ ಅಂಟಿಕೊಂಡಿತು. ಚಕ್ರದ ಮೇಲಿನ ಭಾಗದಲ್ಲಿ ಜಾರಿ ಬಿತ್ತು. “ಪುಟ್ಟಿ ಮೆತ್ತಿದ್ದಾರೆ. ಇಲ್ಲಿ ತಗಡೇ ಇಲ್ಲ.” ಕಾರ್ಪೆಟ್ ಎತ್ತಿದರೆ ತುಕ್ಕು ಹಪ್ಪಳದಂತೆ ಎದ್ದು ಬಂತು, ನೆಲದ ತೂತಿನಿಂದ ನನ್ನ ಚಪ್ಪಲಿ ಕಂಡಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ಮುಖ ಹಿಂಡಿದ. ಒಳಗಿನದು ವಾರ್ನಿಶ್ ಆಗಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಲು ಹೋದ. ಎಂಜಿನ್ ಅಲುಗಲಿಲ್ಲ. “ಜಾಮ್” ಎಂದ. ಹಿಂದಿನ ಸೀಟಿನಡಿ ಇಲಿಗಳು ಸಂಸಾರ ಹೂಡಿದ್ದವು. ಪ್ರತಿಯೊಂದು ದೋಷಕ್ಕೂ ಅವನ ಮುಖದಲ್ಲಿ ಸಂತೋಷ ಹೆಚ್ಚುತ್ತಿತ್ತು, ಬೆಲೆ ಇಳಿಯುತ್ತಿತ್ತಲ್ಲ.

ಆಮೇಲೆ ಡ್ರೈವರ್ ಸೀಟಿನ ಕೆಳಗೆ ಟಾರ್ಚು ಬಿಟ್ಟವನು ಹಾಗೆಯೇ ನಿಂತ. ನನ್ನನ್ನು ಕರೆದು ತೋರಿಸಿದ. ಬಾನೆಟ್ಟಿನ ಮೇಲೆ ಬೆರಳು ದಪ್ಪದ ಧೂಳಿದ್ದ ಆ ಕಾರಿನಲ್ಲಿ ಕ್ಲಚ್ಚಿನ ಪೆಡಲ್ ಮೇಲೆ ಧೂಳಿನ ಕಣವಿರಲಿಲ್ಲ. ರಬ್ಬರ್ ಸವೆದು ನುಣುಪಾಗಿತ್ತು. ಸ್ಟೀರಿಂಗ್ ಕೈಯಾಡಿ ಹೊಳೆಯುತ್ತಿತ್ತು, ಗೇರಿನ ಹಿಡಿಯೂ ಹಾಗೆಯೇ. ಪಕ್ಕದ ಸೀಟಿನ ಬಾಗಿಲ ಜೇಬಿನಲ್ಲಿ ಕಿತ್ತಳೆ ಸಿಪ್ಪೆ, ಇನ್ನೂ ಹಸಿ.

“ಅಕ್ಕಾ” ಎಂದ ಜಯೇಶ್, ಎಂಜಿನ್ ಜಾಮ್ ಎಂದು ತಾನೇ ಹೇಳಿದ್ದನ್ನು ಮರೆತು, ಪೊಲೀಸ್ ಧ್ವನಿಯಲ್ಲಿ. “ಸುಳ್ಳು ಯಾಕೆ? ಗಾಡಿ ಓಡ್ತಾ ಇದೆ. ಮೀಟರ್ ಹಿಂದೆ ತಿರುಗಿಸಿದ್ದೀರಿ.”

“ಓಡ್ತದೆ” ಎಂದರು ವಿಮಲಕ್ಕ.

“ಎಲ್ಲಿಗೆ?”

“ಕುಂದಾಪುರಕ್ಕೆ. ದಿನಾ ಸಂಜೆ.”

ಜಯೇಶ್ ನನ್ನ ಮುಖ ನೋಡಿದ. ಇಂಥ ಸಂದರ್ಭದಲ್ಲಿ ಸೆಕ್ರೆಟರಿ ಏನು ಮಾಡಬೇಕೆಂದು ಸೊಸೈಟಿಯ ನಿಯಮಾವಳಿಯಲ್ಲಿ ಇಲ್ಲ.

ವಿಮಲಕ್ಕ ಶೆಡ್ಡಿನ ಬಾಗಿಲಿಗೆ ಒರಗಿ, ಮಾರ್ಕೆಟ್ಟಿನ ದರ ಹೇಳುವ ಧ್ವನಿಯಲ್ಲಿ ಹೇಳಿದರು. “ಮೇಲೆ ಮನೆಯಲ್ಲಿ ಅವರಿಗೆ ನಾನು ಯಾರೋ ಕೆಲಸದವಳು, ‘ಬಾಯಿ’. ಚಾ ಕೊಟ್ರೆ ‘ಥ್ಯಾಂಕ್ಯೂ ಬಾಯಿ’ ಹೇಳ್ತಾರೆ. ಮೊನ್ನೆ ಎಂತ ಹೇಳಿದ್ರು ಗೊತ್ತುಂಟಾ? ‘ನನ್ನ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಾಳೆ, ಬಂದ ಮೇಲೆ ನಿಮ್ಮ ಪಗಾರ ಕೊಡ್ತಾಳೆ.’ ಇದರಲ್ಲಿ ಕೂತ್ರೆ ಮಾತ್ರ ನಾನು ವಿಮಲಾ. ಬೈತಾರೆ. ಹೆಸರು ಹಿಡಿದು ಬೈತಾರೆ. ಬೇರೆ ಎಲ್ಲಿಯೂ ಇಲ್ಲ. ನಾನು ಎಲ್ಲ ಮಾಡಿ ನೋಡಿ ಆಯ್ತು.”

ಅಷ್ಟರಲ್ಲಿ ಶೇಖರಣ್ಣ ತಾವೇ ಮೆಟ್ಟಿಲಿಳಿದು ಬಂದರು. ಅಂಗಿ ಪ್ಯಾಂಟಿನೊಳಗೆ ಸೇರಿಸಿ ಬೆಲ್ಟ್ ಬಿಗಿದಿದ್ದರು, ಕ್ರಾಪು ತಿದ್ದಿದ್ದರು. ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಿಗೆ?” ಎಂದರು.

“ಅದು... ನಾವು...” ಎಂದ ಜಯೇಶ್.

“ಪನ್ವೇಲಿನವರೆಗೆ ಬಿಡ್ತೇನೆ. ಹತ್ತಿ, ಹತ್ತಿ. ಘಾಟಿಯಲ್ಲಿ ಕತ್ತಲಾಗ್ಬಾರ್ದು.”

ಹತ್ತಿದೆವು. ಮೂರು ಹೋಟೆಲುಗಳ ಮಾಲಿಕನೂ ಸೊಸೈಟಿಯ ಸೆಕ್ರೆಟರಿಯೂ ಇಲಿಗಳ ಮನೆಯ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತೆವು. ವಿಮಲಕ್ಕ ಒಂದು ಚೀಲ ಹಿಡಿದು ಮುಂದೆ ಕೂತರು.

“ಎಷ್ಟು ಚೀಲ ಮಾರಾಯ್ತಿ ವಿಮಲಾ! ಊರಲ್ಲಿ ಎಂತ ಅಂಗಡಿ ಇಡ್ಲಿಕ್ಕುಂಟಾ?”

“ಒಂದೇ ಚೀಲ ಇರುದು.”

“ಕಳೆದ ಸಲವೂ ಹೀಗೇ ಹೇಳಿದ್ದು ನೀನು. ಮಹಾಡಿನಲ್ಲಿ ನೋಡಿದ್ರೆ ಡಿಕ್ಕಿಯಲ್ಲಿ ಒನಕೆ!”

“ನನ್ನ ಅಮ್ಮನಿಗೆ ಬೇಕು ಹೇಳಿದ್ದು.”

“ಕುಂದಾಪುರದಲ್ಲಿ ಮರ ಇಲ್ವಾ? ಕಿಟಕಿ ಮೇಲೆ ಮಾಡು, ಧೂಳು.”

ವಿಮಲಕ್ಕ ಗಾಜು ಏರಿಸಿದರು. ಕನ್ನಡಿಯಲ್ಲಿ ನನಗೆ ಆಕೆಯ ಮುಖದ ಅರ್ಧ ಕಾಣುತ್ತಿತ್ತು. ನನ್ನ ನೋಟಿಸುಗಳಿಗೆಲ್ಲ ಉರಿದು ಬೀಳುತ್ತಿದ್ದ ಹೆಂಗಸು ಆ ಬೈಗುಳವನ್ನು ಕಣ್ಣು ಅರೆ ಮುಚ್ಚಿ ಕೇಳುತ್ತಿದ್ದರು. ಶೇಖರಣ್ಣ ಕ್ಲಚ್ ಒತ್ತಿ ಗೇರು ಬದಲಿಸುತ್ತ, ಕಳ್ವಾ, ಮುಂಬ್ರಾ, ಶೀಳ್‌ಫಾಟಾ ಎಂದು ಒಂದೊಂದೇ ಊರು ದಾಟಿಸಿದರು. ಯಾವುದೋ ಎಮ್ಮೆಗೆ ಬ್ರೇಕ್ ಹಾಕಿ ಬೈದರು. ವಿಮಲಕ್ಕ ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವರ ಬಾಯಿಗಿಟ್ಟರು. ನಮಗೂ ಎರಡೆರಡು ಬಂತು. ಜಯೇಶ್ ಅದನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದ.

“ಪನ್ವೇಲ್ ಬಂತು. ಇಳೀರಿ. ಬಸ್ ಸ್ಟ್ಯಾಂಡ್ ಆ ಕಡೆ.”

ಇಳಿದೆವು. ನಮ್ಮದೇ ಕಾಂಪೌಂಡಿನಲ್ಲಿ, ನೀರಿನ ಟಾಕಿಯ ಪಕ್ಕ ನಿಂತಿದ್ದರೂ, ಇಬ್ಬರೂ ಒಂದು ಕ್ಷಣ ಆ ಕಡೆ ತಿರುಗಿ ಸ್ಟ್ಯಾಂಡ್ ನೋಡಿದೆವು. ಕಾರು ಮುಂದೆ ಹೋಯಿತು. ಮಹಾಡ್ ದಾಟುವಷ್ಟರಲ್ಲಿ ಶೇಖರಣ್ಣನಿಗೆ ದಣಿವಾಗಿ ನಿದ್ದೆ ಬರುತ್ತದಂತೆ. ವಿಮಲಕ್ಕ ಎಬ್ಬಿಸಿ ಮನೆಗೆ ಕರೆದೊಯ್ಯುತ್ತಾರೆ. ಎರಡನೆಯ ಮಹಡಿ ಮುಟ್ಟುವುದರೊಳಗೆ ಆಕೆ ಮತ್ತೆ ಬಾಯಿ.

ನಾನು ಸುಮ್ಮನೆ ಕೂರಲಿಲ್ಲ. ಸಭೆ ಕರೆದು, ಶೆಡ್ಡಿನ ಮೂಲೆಯೊಂದನ್ನು ಕೊನೆಯಲ್ಲಿ ಕೆಡವಲಿ ಎಂದು ಒಳ್ಳೆಯ ಭಾಷಣವನ್ನೇ ಮಾಡಿದೆ. ಎಲ್ಲರಿಗೂ ಕರುಳು ಚುರುಕ್ಕೆಂದಿತು, ಇಬ್ಬರು ಹೆಂಗಸರು ಅತ್ತರು. ಆದರೆ ಬಿಲ್ಡರ್ ಲಾರಿಗಳು ಬರುವುದೇ ಆ ಮೂಲೆಯಿಂದ ಎಂದ. ಒಂದು ದಿನ ತಡವಾದರೂ ತಾನು ಎಲ್ಲರಿಗೂ ಕೊಡುವ ಬಾಡಿಗೆ ದುಡ್ಡು ನಿಲ್ಲುತ್ತದೆ ಎಂದ. ಕಣ್ಣೊರೆಸಿಕೊಂಡ ಕೈಗಳೇ, ಶೆಡ್ಡು ಹೋಗಲಿ ಎಂಬುದಕ್ಕೆ ಮೇಲೆದ್ದವು. ನನ್ನದು ಏಳಲಿಲ್ಲ, ಏಕೆಂದರೆ ನಾನು ಅದರಲ್ಲಿ ನಡಾವಳಿ ಬರೆಯುತ್ತಿದ್ದೆ.

ಜಯೇಶ್ ಬೆಲೆ ಚೌಕಾಸಿ ಮಾಡದೆ ಕಾರು ಕೊಂಡ. “ನೆರೂಳಿಗೆ ಕರ್ಕೊಂಡು ಬನ್ನಿ ಅಕ್ಕಾ, ದಿನಾ ಬನ್ನಿ, ನನ್ನ ಶೆಡ್ಡಿನಲ್ಲಿ ಕೂರಿ” ಎಂದ. ಅವನು ಮನಸ್ಸಿನಿಂದಲೇ ಹೇಳಿದ. ಎದುರು ಕೂತವಳು ಹೆಂಡತಿಯೆಂದೇ ತಿಳಿಯದ ಮುದುಕನನ್ನು ದಿನಾ ಡೊಂಬಿವಲಿಯ ಲೋಕಲ್ಲಿನಲ್ಲಿ ತುಂಬಿ, ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೇಗೆ ಕರೆತರುವುದೆಂದು ವಿಮಲಕ್ಕ ಕೇಳಲಿಲ್ಲ. “ಆಯ್ತು” ಎಂದರು. ಟೋಯಿಂಗ್ ಗಾಡಿ ಬಂದಾಗ ಶೇಖರಣ್ಣ ಮೇಲೆ ಮಲಗಿದ್ದರು. ಕಾರು ಎಳೆದೊಯ್ದ ಮೇಲೆ ವಿಮಲಕ್ಕ ಪೊರಕೆ ತಂದು, ಮರುವಾರ ನೆಲಸಮವಾಗಲಿದ್ದ ಶೆಡ್ಡನ್ನು ಗುಡಿಸಿದರು.

ಡೊಂಬಿವಲಿಯ ಮನೆಯಲ್ಲಿ ಮೊದಲ ಸಂಜೆ ಶೇಖರಣ್ಣ ಬೆಲ್ಟ್ ಬಿಗಿದು ಸಿದ್ಧರಾದರು. ವಿಮಲಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ, ಕೈಗೆ ಊಟದ ತಟ್ಟೆ ಕೊಟ್ಟು, “ಹೋಗುವಾ?” ಎಂದರಂತೆ. ಅವರು ತಟ್ಟೆಯನ್ನು ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ, “ಬಾಯಿ, ಇದು ತಟ್ಟೆ” ಎಂದರು. ವಿಷಯ ತಿಳಿದು ಜಯೇಶ್ ಮುಂದಿನ ಎರಡು ಸೀಟು, ಸ್ಟೀರಿಂಗ್ ಎಲ್ಲ ಬಿಚ್ಚಿಸಿ ಟೆಂಪೋದಲ್ಲಿ ಕಳಿಸಿದ. ಮನೆಯ ಹಾಲ್‌ನಲ್ಲಿ ಅವನ್ನು ಹಲಗೆಗೆ ಬಿಗಿದು ನಿಲ್ಲಿಸಿದ್ದು ನಾನೇ. ಶೇಖರಣ್ಣ ಕೂತರು. ಸ್ಟೀರಿಂಗ್ ಅತ್ತಿತ್ತ ಆಡಿಸಿದರು. ಪಕ್ಕದಲ್ಲಿ ಚೀಲ ಹಿಡಿದು ಕೂತವರತ್ತ ತಿರುಗಿ, “ಉಳಿದ ಗಾಡಿ ಎಲ್ಲಿ ಬಾಯಿ?” ಎಂದರು. ಅವರು ಎದ್ದು ಒಳಗೆ ಹೋದ ಮೇಲೂ ವಿಮಲಕ್ಕ ಚೀಲ ಹಿಡಿದು ಅಲ್ಲೇ ಕೂತಿದ್ದರು. ಮರುದಿನದಿಂದ ಶೇಖರಣ್ಣ ಬೆಲ್ಟ್ ಕೇಳಲಿಲ್ಲ.

ಸೀಟೂ ಸ್ಟೀರಿಂಗೂ ನೆರೂಳಿಗೆ ವಾಪಸ್ಸಾದವು. ಕಾರಿನ ತುಕ್ಕು ಕತ್ತರಿಸಿ ಹೊಸ ತಗಡು ಹಾಕಿದರು, ಎಂಜಿನ್ ಬಿಡಿಸಿಕೊಂಡಿತು. ಮಳೆಗಾಲಕ್ಕೆ ಮುಂಚೆ ಜಯೇಶ್ ನನಗೆ ಫೋನ್ ಮಾಡಿದ. ಪೇಂಟರ್ ಕಾಯುತ್ತಿದ್ದಾನೆ, ಅಕ್ಕನನ್ನು ಒಂದು ಮಾತು ಕೇಳಿ ತಿಳಿಸು ಎಂದ. ಒಳ್ಳೆಯ ಕೆಲಸವೆಂದು ನಾನು ಸಿಹಿ ಕಟ್ಟಿಸಿಕೊಂಡು ಡೊಂಬಿವಲಿಗೆ ಹೋದೆ.

ವಿಮಲಕ್ಕ ಶೇಖರಣ್ಣನಿಗೆ ಗಂಜಿ ಉಣಿಸುತ್ತಿದ್ದರು. ಆಕೆ ಬಾಯಿ ಒರೆಸಿದಾಗಲೆಲ್ಲ ಅವರು ತಲೆ ಬಾಗಿಸಿ ಥ್ಯಾಂಕ್ಯೂ ಹೇಳುತ್ತಿದ್ದರು. ನಾನು ಸಿಹಿಯ ಪೊಟ್ಟಣ ಕೆಳಗಿಟ್ಟು, ಶುಭವಾರ್ತೆ ತಂದವನ ಮುಖ ಮಾಡಿ ಕೇಳಿದೆ.

“ವಿಮಲಕ್ಕಾ, ಜಯೇಶ ಗಾಡಿಗೆ ಬಣ್ಣ ಹಚ್ಚಸ್ತಾನಂತ್ರಿ. ಹಿಂದಿನ ಹಸಿರೇ ಇರ್ಲೋ, ಬಿಳಿ ಮಾಡ್ಸಲೋ ಅಂತ ಕೇಳ್ಯಾನ. ಶೇಖರಣ್ಣಗ ಯಾವುದು ಹಿಡಸ್ತದ ಕೇಳ್ರಿ?”

ವಿಮಲಕ್ಕ ಚಮಚೆ ಬಟ್ಟಲಲ್ಲಿಟ್ಟು ನನ್ನನ್ನು ನೋಡಿದರು.

“ಅವರಿಗೆ ನನ್ನ ಗುರ್ತವೇ ಇಲ್ಲ. ಬಣ್ಣ ಎಂತ ಕೇಳುದು ನೀವು?”