ತುಲಾಭಾರದಲ್ಲಿ ಮೇಲೇರಿದ ಮೇಷ್ಟ್ರು

ಕಳೆದ ವರ್ಷ ಬೇಸಿಗೆಯಲ್ಲಿ ನ್ಯುಮೋನಿಯಾ ಬಂದು ನಾನು ಆಸ್ಪತ್ರೆ ಸೇರಿದ್ದೆ. ಆಗ ನನ್ನ ಹೆಂಡತಿ ಶಾರದಾ, "ಇವರನ್ನ ಪೂರ್ತಿಯಾಗಿ ವಾಪಸ್ ಕೊಡಪ್ಪ, ಇವರ ತೂಕದಷ್ಟು ಬೆಲ್ಲ ಒಪ್ಪಿಸ್ತೀನಿ" ಎಂದು ದೇವರಿಗೆ ಹರಕೆ ಹೊತ್ತಳು. ವಾಸಿಯಾಗಿ ಜಯಲಕ್ಷ್ಮಿಪುರಂನ ಮನೆಗೆ ಬಂದೆ. ಶ್ರಾವಣದ ಒಂದು ಶನಿವಾರ ತುಲಾಭಾರ ಎಂದು ನಿಶ್ಚಯವಾಯಿತು.

"ಬೆಲ್ಲ ಎಷ್ಟು ತರ್ಸೋಣ್ರೀ?" ಎಂದಳು.

"ಎಪ್ಪತ್ತೆರಡು ಕೆಜಿ."

"ಒಂದ್ಸಲ ತೂಕ ನೋಡ್ಕೊಂಡ್ಬನ್ನಿ. ಹರಕೆ ವಿಷಯ."

"ನನ್ನ ತೂಕ ನನಗೆ ಗೊತ್ತಿಲ್ವೇನೆ? ಮದುವೆ ಆದಾಗಿಂದ ಅದೇ."

ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಅಂಕಿಯ ವಿಷಯದಲ್ಲಿ ಯಾರಾದರೂ ಅನುಮಾನಪಟ್ಟರೆ ಮೈ ಉರಿಯುತ್ತದೆ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಎಪ್ಪತ್ತೆರಡು ಎಂದೇ ಹೇಳಿದ್ದೆ, ಅವರೂ ಬರೆದುಕೊಂಡಿದ್ದರು. ಬೆಲ್ಟು ಆಗಲೂ ಅದೇ ತೂತಿಗೆ ಬೀಳುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

ದೇವಸ್ಥಾನದಲ್ಲಿ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಬೆಲ್ಲವನ್ನೆಲ್ಲ ಮೊದಲೇ ಜೋಡಿಸಿಬಿಟ್ಟಿದ್ದರು. ಮೇಲೆ ಹೋಗಿದ್ದ ಇನ್ನೊಂದು ತಟ್ಟೆಯನ್ನು ಅರ್ಚಕರು ಸರಪಳಿ ಹಿಡಿದು ಕೆಳಗೆಳೆದರು. ನಾನು ರೇಷ್ಮೆ ಶಲ್ಯ ಸರಿಮಾಡಿಕೊಂಡು ಗಂಭೀರವಾಗಿ ಕೂತೆ. ಅವರು ಸರಪಳಿ ಬಿಟ್ಟದ್ದೇ ತಡ, ನಾನು ಮೇಲೆ! ಕಾಲೆರಡೂ ಗಾಳಿಯಲ್ಲಿ ತೇಲಾಡತೊಡಗಿದವು. ಸುತ್ತ ನಿಂತವರು ನಗು ತಡೆಯಲು ಬಾಯಿಗೆ ಸೆರಗು, ಟವಲು ಅಡ್ಡ ಹಿಡಿದರು.

"ಸ್ವಲ್ಪ ಬೆಲ್ಲ ತೆಗೀಬೇಕಮ್ಮ" ಎಂದರು ಅರ್ಚಕರು.

"ದೇವ್ರಿಗೆ ಅಂತ ಇಟ್ಟದ್ದನ್ನ ತೆಗೀಬಾರ್ದು ಕಣ್ರೀ" ಎಂದು ಶಾರದಾ ಹಟ ಹಿಡಿದಳು.

"ಹಾಗಾದ್ರೆ ಯಜಮಾನ್ರು ಅಲ್ಲೇ ಇರ್ತಾರೆ."

ನಾನು ಮೇಲೆ, ವಾದ ಕೆಳಗೆ. ಕೊನೆಗೆ, ತೂಕ ಆದಮೇಲೆ ಬೆಲ್ಲವನ್ನೆಲ್ಲ ದೇವರಿಗೇ ಕೊಡುವುದು ಎಂದು ರಾಜಿಯಾಯಿತು. ಒಂದೊಂದೇ ಅಚ್ಚು ತೆಗೆದ ಹಾಗೆ ನಾನು ಇಳಿದೆ. ತೆಗೆದಿಟ್ಟ ರಾಶಿ ಹದಿಮೂರು ಕೆಜಿ ಇತ್ತು.

ಮಂಗಳಾರತಿ ಆಯಿತು. "ಏಳಿ ಮೇಷ್ಟ್ರೇ" ಎಂದರು ಅರ್ಚಕರು. ಎದ್ದರೆ ತಾನೇ? ಸರಪಳಿ ಹಿಡಿದು ಎಷ್ಟು ಮುಕ್ಕಿರಿದರೂ ತಟ್ಟೆ ತೂಗಿತೇ ಹೊರತು ತೊಡೆ ಮಾತು ಕೇಳಲಿಲ್ಲ. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು.

ಪೂಜೆಗೆ ಬಂದಿದ್ದ ನಮ್ಮ ಬೀದಿಯ ಡಾಕ್ಟರ್ ಉಷಾ ಮಾತ್ರ ನಗಲಿಲ್ಲ. "ಸಾರ್, ಮನೇಲಿ ಕೈ ಊರದೆ ಕುರ್ಚಿಯಿಂದ ಏಳ್ತೀರಾ?" ಎಂದು ಕೇಳಿದರು.

"ಅದನ್ನೆಲ್ಲ ಯಾರು ನೋಡ್ತಾರಮ್ಮ" ಎಂದೆ.

"ನಾನು ನೋಡ್ತೀನಲ್ಲ. ಎರಡೂ ಕೈ ಊರಿ, 'ಅಯ್ಯಪ್ಪಾ' ಅಂದ್ಮೇಲೇ ಏಳೋದು" ಎಂದು ಶಾರದಾ ಸಾಕ್ಷಿ ನುಡಿದಳು.

"ಹೊಟ್ಟೆ ಹಾಗೇ ಇದೆ ಸಾರ್, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಕರಗಿರೋದು ಕೈಕಾಲಿನ ಮಾಂಸಖಂಡ. ಈ ವಯಸ್ಸಲ್ಲಿ ಕಾಯಿಲೆ ಬಿದ್ದು ಮಲಗಿದ್ರೆ ಬೇಗ ಹೋಗುತ್ತೆ. ನಾಳೆ ಕ್ಲಿನಿಕ್ಕಿಗೆ ಬನ್ನಿ, ಮತ್ತೆ ಬೆಳೆಸೋಣ" ಎಂದರು ಉಷಾ.

ಆಟೋದಲ್ಲಿ ಶಾರದಾ ನನ್ನ ತೋಳು ಹಿಡಿದು ನೋಡಿದಳು. "ಪೂರ್ತಿಯಾಗಿ ಕೊಡಪ್ಪ ಅಂತ ಕೇಳ್ಕೊಂಡಿದ್ದೆ" ಎಂದಳು. ಕಣ್ಣು ಒದ್ದೆಯಾಗಿತ್ತು. ಆಸ್ಪತ್ರೆಯಲ್ಲಿ ಆಗದ ಹೆದರಿಕೆ ನನಗೆ ಅಲ್ಲಿ ಆಯಿತು.

ಮರುದಿನದಿಂದ ಉಷಾ ಹೇಳಿಕೊಟ್ಟ ವ್ಯಾಯಾಮ ಶುರು. ಬೆಳಿಗ್ಗೆ ಕುರ್ಚಿಯಿಂದ ಎದ್ದು ಕೂತು ಮಾಡಿದರೇ ಕಾಫಿ; ಸಂಜೆ ಹೆಸರುಕಾಳಿನ ಉಸಲಿ. ನಾನು ಮಕ್ಕಳಿಗೆ ಬಸ್ಕಿ ಹೊಡೆಸಿದ್ದಕ್ಕೆ ಈಗ ಬಡ್ಡಿ ಸಮೇತ ತೀರಿಸುತ್ತಿದ್ದೇನೆ ಎಂದು ಶಾರದಾ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ.

ಮೊನ್ನೆ ಕೈ ಊರದೆ, ಅಯ್ಯಪ್ಪನನ್ನೂ ಕರೆಯದೆ ಎದ್ದು ನಿಂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾರದಾ ಕಾಫಿ ಲೋಟ ತಂದು ಮೇಜಿನ ಮೇಲಿಟ್ಟಳು.

"ಈ ಶ್ರಾವಣದಲ್ಲಿ ಇನ್ನೊಂದ್ಸಲ ಕೂರಿಸ್ತೀನಿ. ಬೆಲ್ಲ ಎಷ್ಟು ಹೇಳ್ಲಿ?" ಎಂದಳು.

ಎಪ್ಪತ್ತೆರಡು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ತೂಕ ನೋಡ್ಕೊಂಡು ಬಂದು ಹೇಳ್ತೀನಿ ಕಣೇ" ಎಂದು ಚಪ್ಪಲಿ ಮೆಟ್ಟಿದೆ.