ಮೀನು ಬೆಚ್ಚಬೇಕು ಎನ್ನುವ ದುರ್ಗವ್ವ

ಪೀಣ್ಯದ ಯಂತ್ರಗಳು ಇನ್ನೂ ಸದ್ದು ಶುರುಮಾಡಿಲ್ಲ. ಶೆಡ್ಡುಗಳ ನಡುವೆ ನೀರು ಪರೀಕ್ಷಿಸುವ ಪುಟ್ಟ ಪ್ರಯೋಗಾಲಯಕ್ಕೆ ದುರ್ಗವ್ವ ಬಳೆಗಳಿಗೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ. ಇಲ್ಲಿ ಸದ್ದಾಗಕೂಡದು. ಗಾಜಿನ ತೊಟ್ಟಿಯಲ್ಲಿ ಬೆರಳುದ್ದದ ಗೆಂಡೆ ಮೀನುಗಳಿವೆ. ಗುಂಡಿ ಒತ್ತಿದರೆ ಮೇಲಿನಿಂದ ಬೇರಿಂಗ್ ಗುಂಡೊಂದು ನೀರಿಗೆ ಬೀಳುತ್ತದೆ. ಮೀನು ಕುಡುಗೋಲಿನಂತೆ ಬಾಗಿ, ಚಿಮ್ಮಿ, ಮಾಯ. ಅಷ್ಟನ್ನೂ ವೇಗದ ಕ್ಯಾಮೆರಾ ಹಿಡಿದಿಡುತ್ತದೆ.

ಆಮೇಲಿನದು ದುರ್ಗವ್ವನ ಕೆಲಸ. ವಿಸಿಆರ್ ನಿಲ್ಲಿಸಿ ನಿಲ್ಲಿಸಿ, ಟೀವಿಗೆ ಅಂಟಿಸಿದ ತೆಳು ಹಾಳೆಯ ಮೇಲೆ ಮೀನಿನ ಬೆನ್ನಿನ ಗೆರೆ ಎಳೆಯಬೇಕು. ಎಷ್ಟು ಬೇಗ ಬಾಗಿತು, ಎಷ್ಟು ದೂರ ಓಡಿತು ಎಂದು ಅಳೆಯಬೇಕು. ನೀರು ಕೆಟ್ಟರೆ ಮೀನು ಸಾಯುವ ಮೊದಲೇ ಈ ಓಟ ಕೆಡುತ್ತದೆ ಎನ್ನುತ್ತಾರೆ ಪ್ರಯೋಗಾಲಯದ ಪಂಚಾಕ್ಷರಿ. ಅವರ ವರದಿಗಳಲ್ಲಿ ದುರ್ಗವ್ವನ ಹೆಸರಿಲ್ಲ, ಗೆರೆಗಳಿವೆ.

ರಾಯಚೂರು ಕಡೆಯಿಂದ ಗಂಡನೊಂದಿಗೆ ಗಾರೆ ಕೆಲಸಕ್ಕೆ ಬಂದವರು. ಗಂಡ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇಲ್ಲಿ ಕಸ ಗುಡಿಸಲು ಸೇರಿದರು. ಕೌದಿ ಹೊಲಿದು ಪಳಗಿದ ಕೈ ಎಂದು ತಿಳಿದು ಪಂಚಾಕ್ಷರಿ ಪೆನ್ನು ಕೊಟ್ಟರು.

ಹೋದ ತಿಂಗಳು ದುರ್ಗವ್ವನೇ ಕೇಳಿದರಂತೆ: “ಸರ್ರ, ನಮ್ಮ ವಠಾರದ ಬೋರಿನ ನೀರೂ ಒಮ್ಮಿ ನೋಡೂಣೇನ್ರಿ?” ಕ್ಯಾನಿನಲ್ಲಿ ತಂದರು. ಆ ನೀರಿನಲ್ಲಿ ಮೀನುಗಳು ಈಜಿದವು, ತಿಂದವು.

“ಗುಂಡು ಬಿತ್ರಿ. ಒಂದೂ ಅಲುಗಲಿಲ್ಲ. ಹಂಗ ನಿಂತು ನನ್ನ ನೋಡಿದ್ವು. ಸತ್ತಿದ್ರ ಇಷ್ಟು ಹೆದರತಿದ್ದಿಲ್ರಿ ನಾನು.”

ಪತ್ರಿಕೆಗೆ ಬರೆಯಲು ಬಂದ ನನಗೂ ಆ ಟೇಪು ಹಾಕಿ ತೋರಿಸುತ್ತಾರೆ. ಅಲೆ ಹರಡುತ್ತದೆ, ಮೀನುಗಳು ಬಾಯಿ ತೆರೆದು ಮುಚ್ಚುತ್ತಾ ಅಲ್ಲೇ ಇವೆ. ಹಾಳೆಯಲ್ಲಿ ಗೆರೆಯ ಮೇಲೆ ಗೆರೆ ಬಿದ್ದು ಒಂದೇ ಗೆರೆಯಾಗಿದೆ. ಟೇಪು ಕೆಟ್ಟಿದೆಯೇ ಎಂದು ಪೆದ್ದನಂತೆ ಕೇಳಿದೆ. ಇಲ್ಲ ಎಂದು ಮತ್ತೆ ಮೊದಲಿನಿಂದ ಹಾಕಿದರು.

ಅದೇ ನೀರನ್ನು ಚೊಚ್ಚಲ ಹೆರಿಗೆಗೆ ಬಂದಿರುವ ಮಗಳು ಶೈಲಶ್ರೀ ಕುಡಿದಿದ್ದಾಳೆ. ಪಂಚಾಕ್ಷರಿ ಮೇಲಿನವರಿಗೆ ತಿಳಿಸಿದ್ದಾರೆ; ಬೋರು ಇನ್ನೂ ಮುಚ್ಚಿಲ್ಲ. ದುರ್ಗವ್ವ ದಾಸರಹಳ್ಳಿಯಿಂದ ನೀರು ಹೊತ್ತು ತರುತ್ತಾರೆ. ಮಗಳು ಚೆನ್ನಾಗಿದ್ದಾಳೆ ಎಂದಿದ್ದಾರೆ ಡಾಕ್ಟರು. ಮೀನುಗಳೂ ನೋಡಲು ಚೆನ್ನಾಗಿಯೇ ಇದ್ದವು.

ನಿಮ್ಮ ಆಸೆ ಏನು ಎಂದೆ.

“ಕೂಸು ಹುಟ್ಟಿದ ಮ್ಯಾಲ, ಸಪ್ಪಳಾದ್ರ ಬೆಚ್ಚಿ ಅಳಬೇಕ್ರಿ. ಅಷ್ಟ ಸಾಕು.” ಸ್ಕೇಲನ್ನು ಸೆರಗಿನಿಂದ ಒರೆಸಿದರು. “ದಿನಾ ಮುಂಜಾನೆ ಮಗಳ ಬೆನ್ನ ಹಿಂದ ತಾಟು ಕೆಡವ್ತೀನ್ರಿ. ಬೆಚ್ಚಿಬಿದ್ದು, ‘ಬಸುರಿ ಹೆಂಗಸಿಗೆ ಹಿಂಗ ಮಾಡ್ತಾರೇನಬೇ?’ ಅಂತ ಬೈತಾಳ.”

ಟೀವಿಯತ್ತ ತಿರುಗಿ ಪೆನ್ನಿನ ಮುಚ್ಚಳ ತೆಗೆದರು.

“ಇವತ್ತೂ ಬೈಸ್ಕೊಂಡ ಬಂದೀನ್ರಿ.”