ಕಂಬಕ್ಕೆ ಬಂದ ಅಡ್ಡಿ

ತೊಂಬತ್ತರ ದಶಕದಲ್ಲಿ ಬೀದಿಯಲ್ಲಿ ಕ್ಯಾಮೆರಾ ಹಿಡಿದು ನಿಂತವನನ್ನು ಯಾರೂ ಸುಲಭಕ್ಕೆ ನಂಬುತ್ತಿರಲಿಲ್ಲ. ಒಂದು ಭಾನುವಾರ ಸೊರಬದಿಂದ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋಗಿ, ಹಳೇ ಬೀದಿಯಲ್ಲಿ ಮಂಡಿಯೂರಿ ಒಂದು ಮನೆಯ ಕೆತ್ತನೆ ಕಂಬಗಳಿಗೆ ಫೋಕಸ್ ಮಾಡುತ್ತಿದ್ದೆ. ಮನೆಯ ಯಜಮಾನರು ಗಾಬರಿಯಿಂದ ಹೊರಗೆ ಬಂದರು.

“ರಸ್ತೆ ಅಗಲ ಮಾಡೋ ಆಫೀಸಿನೋರೇನ್ರೀ? ನಮ್ಮ ಜಗಲಿ ಎಷ್ಟು ಹೋಗ್ತೈತಿ?”

“ಅಯ್ಯೋ, ಇಲ್ಲ ಯಜಮಾನ್ರೇ. ಕಂಬ ಚೆನ್ನಾಗಿವೆ, ಹವ್ಯಾಸಕ್ಕೆ ತೆಗೀತಿದೀನಿ.”

“ಮನುಷ್ಯರನ್ನ ಬಿಟ್ಟು ಕಂಬದ ಫೋಟೋ ಯಾರು ತೆಗೀತಾರ್ರೀ?”

ಅನುಮಾನ ಹೋಗಲಿ ಎಂದು, ನಿಮ್ಮದೇ ತೆಗೀತೀನಿ, ನಿಲ್ಲಿ ಎಂದೆ. ಅಷ್ಟೇ ಸಾಕಾಯಿತು. ಅಜ್ಜಿಗೆ ಕುರ್ಚಿ ಬಂತು, ಸೊಸೆಯಂದಿರು ರೇಷ್ಮೆ ಸೀರೆ ಉಟ್ಟು ಬಂದರು, ಪಕ್ಕದ ಮನೆಯವರೂ ಸೇರಿಕೊಂಡರು. ಎಲ್ಲರೂ ಸಾಲಾಗಿ ನಿಂತಾಗ ಕಂಬಗಳು ಪೂರ್ತಿ ಮರೆಯಾದವು. ಕ್ಲಿಕ್ ಮಾಡಿದೆ, ರೀಲೂ ಮುಗಿಯಿತು.

ಮುಂದಿನ ಸಲ ಹೋದಾಗ ಪ್ರಿಂಟ್ ಕೊಟ್ಟೆ. ಯಜಮಾನರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಎಲ್ಲಾರೂ ಚಲೋ ಬಂದಾರ್ರೀ,” ಎಂದವರ ಮುಖ ಯಾಕೋ ಸಪ್ಪಗಾಯಿತು. “ಆದ್ರ ನಮ್ಮ ಕಂಬಾನೇ ಕಾಣಂಗಿಲ್ಲಲ್ರೀ!”